ಹತ್ತನೇ ಮಾತ್ರೆಯ ತಿರಕಿಟ

ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ಕೂತಿದ್ದವರು ನನ್ನನ್ನು ಒಂದು ಸಲ ನೋಡಿ, ಏನೂ ಕೇಳದೆ ‘ಗಾಯನ’ ಅಂತ ಬರೆದರು. ಆಗ ನನ್ನ ಹೆಗಲಿಗೆ ತಬಲಾ ಚೀಲ ಇತ್ತು, ಎಡಗೈಯಲ್ಲಿ ಡಗ್ಗಾದ, ಅಂದರೆ ಜೋಡಿಯಲ್ಲಿ ಎಡಗೈ ಬಾರಿಸುವ ದಪ್ಪ ದನಿಯ ವಾದ್ಯದ, ಚೀಲ, ಕಾಲ ಹತ್ತಿರ ಇನ್ನೊಂದು ತಬಲಾ. “ಸರ್, ತಬಲಾ” ಅಂದೆ. “ಯಾರಿಗಮ್ಮ, ತಮ್ಮನಿಗಾ?” ಅಂದರು. “ನನಗೇ” ಅಂದ ಮೇಲೆ ಗಾಯನ ಹೊಡೆದುಹಾಕಿ ತಬಲಾ ಅಂತ ಬರೆದುಕೊಂಡರು. ಎಂಟು ವರ್ಷದಿಂದ ಇದನ್ನು ಕೇಳಿಸಿಕೊಳ್ಳುತ್ತಾ ಬಂದಿದ್ದೇನೆ, ಪ್ರತಿ ಸಲವೂ ಅಷ್ಟೇ ನೋವಾಗುತ್ತದೆ. ಅದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ. ಇವತ್ತು ಬರೆಯಬೇಕಾಗಿರುವುದು ಬೇರೆ. ಚಿತ್ರದುರ್ಗದ ಆ ಹದಿನೈದು ದಿನದಲ್ಲಿ ನಾನು ಒಂದೇ ಒಂದು ಹೊಸ ಕಾಯ್ದಾ ಕಲಿಯಲಿಲ್ಲ. ಒಂದು ತುಕಡಾ ಇಲ್ಲ, ಒಂದು ಚಕ್ರದಾರ ಇಲ್ಲ, ತಬಲಾದವರು ಕೈ ತೋರಿಸುವ ಕಟ್ಟುಗಳು ಇವೆಲ್ಲ. ಕಲಿತಿದ್ದು ಹನ್ನೆರಡು ಮಾತ್ರೆಯ, ಅಂದರೆ ಹನ್ನೆರಡು ಎಣಿಕೆಯ, ಒಂದು ಠೇಕಾ, ಹಾಡಿಗೆ ತಾಳ ಹಿಡಿಯುವ ಬೋಲುಗಳ ಸಾಲು. ಅದೂ ನನಗೆ ಬರುತ್ತದೆ ಅಂತ ಐದು ವರ್ಷದಿಂದ ಅಂದುಕೊಂಡಿದ್ದ ಠೇಕಾ.

ಮಾರ್ಚ್ ತಿಂಗಳಿಂದ ನನ್ನ ತಬಲಾ ಅಟ್ಟದ ಮೇಲಿತ್ತು. ಸೆಕೆಂಡ್ ಪಿಯುಸಿ ಪರೀಕ್ಷೆ, ಅದರ ಬೆನ್ನಿಗೇ ಸಿಇಟಿ. “ಸಿಇಟಿ ಮುಗಿಯೋ ತನಕ ಅದರ ಮೇಲೆ ಕೈ ಹಾಕಬ್ಯಾಡ” ಅಂತ ಅಪ್ಪ ಅಂದಿದ್ದರು. ನಾನೂ ಎದುರು ಮಾತಾಡಲಿಲ್ಲ. ಆದರೂ ಲೆಕ್ಕ ಬಿಡಿಸುವಾಗ ಎಡಗೈ ಬೆರಳು ತಾವಾಗಿಯೇ ಪುಸ್ತಕದ ಅಂಚಿಗೆ ಬಡಿಯುತ್ತಿದ್ದವು. ಕೊನೆಯ ಪೇಪರ್ ಬರೆದು ಬಂದ ಸಂಜೆಯೇ ನಿಟುವಳ್ಳಿಯಿಂದ ಸೈಕಲ್ ತುಳಿದುಕೊಂಡು ಮೇಷ್ಟ್ರ ಮನೆಗೆ ಹೋದೆ.

ನಮ್ಮ ಮೇಷ್ಟ್ರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳೆದವರು. ಅವರಿಗೆ ಕಣ್ಣು ಕಾಣುವುದಿಲ್ಲ. ಪಂಚಾಕ್ಷರ ಗವಾಯಿಗಳು ಕಟ್ಟಿದ, 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರಲ್ಲಿ ತಮ್ಮ ಕೊನೆಯವರೆಗೂ ನಡೆಸಿಕೊಂಡು ಬಂದ ಆಶ್ರಮ ಅದು. ಕಣ್ಣಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಉಂಡು, ಕಲಿತು, ಊರೂರಿಗೆ ಪಾಠ ಹೇಳಲು ಹೋಗಿದ್ದಾರೆ. ನಮ್ಮ ದಾವಣಗೆರೆ ಸೀಮೆಯಲ್ಲಿ ಹಾರ್ಮೋನಿಯಂ, ತಬಲಾ ಹೇಳಿಕೊಡುವವರನ್ನು ‘ನಿಮ್ಮ ಗುರುಗಳು ಯಾರು, ಅವರ ಗುರುಗಳು ಯಾರು’ ಅಂತ ಕೇಳುತ್ತಾ ಹೋದರೆ ಬಹಳ ಸಲ ಗದಗಿಗೇ ಹೋಗಿ ಮುಟ್ಟುತ್ತೇವೆ. ಮೇಷ್ಟ್ರಿಗೆ ನನ್ನ ಕೈ ಕಾಣದು, ಆದರೆ ‘ನಾ’ ಬಾರಿಸುವಾಗ ಉಂಗುರದ ಬೆರಳು ಪುಡಿಯ, ಅಂದರೆ ತಬಲಾದ ಚರ್ಮದ, ಮೇಲೆ ಕೂತಿದೆಯೋ ಎದ್ದಿದೆಯೋ ಅವರಿಗೆ ಗೊತ್ತಾಗುತ್ತದೆ. ಅವತ್ತು ವೇಗವಾಗಿ ಬಾರಿಸುವ ಒಂದು ರೇಲಾ ಪೂರ್ತಿ ಬಾರಿಸಲು ಬಿಟ್ಟರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಓಡ್ತೈತೆ ನಿನ್ನ ಕೈ” ಅಂದರು. ನನಗೆ ಹೊಗಳಿದ ಹಾಗೆ ಕೇಳಿಸಿತು. “ದುರ್ಗದಾಗೆ ಒಂದು ಶಿಬಿರ ಮಾಡ್ತಾರೆ. ಹೋಗು. ಹದಿನೈದು ದಿನ ಹಾಡೋರ ಪಕ್ಕ ಕೂತು ಬಾ” ಅಂತ ಸೇರಿಸಿದರು.

ಶಿಬಿರ ಅಂದರೆ ನನಗೆ ಮೊದಲಿಂದ ಅಷ್ಟಕ್ಕಷ್ಟೇ. ಆರನೇ ಕ್ಲಾಸಿನಲ್ಲಿ ಒಂದಕ್ಕೆ ಹೋಗಿದ್ದೆ. ಹತ್ತು ದಿನಕ್ಕೆ ಹತ್ತೂ ದಿನ ಒಂದೇ ಸಮೂಹಗಾನದ ತಾಲೀಮು, ಕೊನೆಯ ದಿನ ಒಂದೇ ಬಣ್ಣದ ಬಟ್ಟೆ, ಫೋಟೋ, ಪ್ರಮಾಣಪತ್ರ. ಅಷ್ಟು ದಿನದಲ್ಲಿ ಒಬ್ಬರೂ ಪಕ್ಕಕ್ಕೆ ಕೂತು ನನ್ನ ಕೈ ನೋಡಲಿಲ್ಲ. ಮಕ್ಕಳ ಬೇಸಿಗೆ ರಜೆ ಅಂದರೆ ಕಲಿಯೋಕೆ ಸಿಗುವ ದೊಡ್ಡ ಬಿಡುವು. ಅದನ್ನು ಕೊನೆಯ ದಿನದ ವೇದಿಕೆಗೋಸ್ಕರ ಖರ್ಚು ಮಾಡಿಬಿಡುವುದನ್ನು ನಾನು ಈಗಲೂ ಒಪ್ಪುವುದಿಲ್ಲ. ಹಾಗಾಗಿ ಮೇಷ್ಟ್ರು ಹೇಳಿದರು ಅನ್ನುವ ಒಂದೇ ಕಾರಣಕ್ಕೆ ಹೊರಟೆ.

ದಾವಣಗೆರೆಯಿಂದ ದುರ್ಗ 60 ಕಿಲೋಮೀಟರ್ ಆಸುಪಾಸು. ಆನಗೋಡು, ಭರಮಸಾಗರ ದಾಟಿ ಇನ್ನಷ್ಟು ಮುಂದೆ ಹೋದರೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣಿಸುತ್ತವೆ. ಶಿಬಿರ ಇದ್ದದ್ದು ಕೋಟೆಯ ಕಡೆ ಹೋಗುವ ದಾರಿಯ ಒಂದು ಶಾಲೆಯಲ್ಲಿ. ಬೆಂಚು ಗೋಡೆಗೆ ಒತ್ತರಿಸಿ ಜಮಖಾನೆ ಹಾಸಿದ್ದರು. ನಲವತ್ತು ಮಕ್ಕಳು. ಯಾರನ್ನೂ ಯಾರೂ ಹೆಸರು ಹಿಡಿದು ಕರೆಯಲಿಲ್ಲ, ಎರಡನೇ ದಿನದ ಹೊತ್ತಿಗೆ ಎಲ್ಲರಿಗೂ ಅವರವರ ಊರೇ ಹೆಸರಾಗಿತ್ತು. ಹೊಳಲ್ಕೆರೆ ಹಾರ್ಮೋನಿಯಂ ನುಡಿಸುತ್ತಿದ್ದ, ಹೊಸದುರ್ಗ ಕೊಳಲು, ಹಿರಿಯೂರು ಅಂತ ಇಬ್ಬರಿದ್ದರು, ಅವರಿಗೆ ದೊಡ್ಡ ಹಿರಿಯೂರು, ಸಣ್ಣ ಹಿರಿಯೂರು. ನಾನು ದಾವಣಗೆರೆ. “ದಾವಣಗೆರೆ ಅಕ್ಕಾ, ಬೆಣ್ಣೆ ದೋಸೆ ತರಲಿಲ್ವಾ?” ಅಂತ ದಿನಕ್ಕೊಮ್ಮೆಯಾದರೂ ಯಾರಾದರೂ ಕೇಳೋರು.

ಬಿಸಿಲಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ನನ್ನ ಜಗಳ ಶುರುವಾಗಿದ್ದೇ ಅದರ ಜೊತೆ. ದುರ್ಗದ ಸುತ್ತ ಎಲ್ಲಾ ಬಂಡೆ. ಹಗಲೆಲ್ಲ ಕಾದು ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತಾ ಇರುತ್ತವೆ. ಆ ಒಣ ಹವೆಗೆ ತಬಲಾದ ಪುಡಿ ಬಿಗಿದುಕೊಂಡು ಶ್ರುತಿ ಏರಿಬಿಡುತ್ತದೆ. ನಾನು ಎರಡು ತಬಲಾ ಒಯ್ದಿದ್ದೆ, ಐದೂಕಾಲು ಇಂಚಿನ ಕಪ್ಪು ಒಂದರದು (ಹಾರ್ಮೋನಿಯಂನ ಮೊದಲನೇ ಕಪ್ಪು ಮನೆಯ ಶ್ರುತಿ) ಮತ್ತು ಹೆಣ್ಣುಮಕ್ಕಳ ದನಿಗೆ ಬೇಕಾಗುವ ಆರಿಂಚಿನ ಕಪ್ಪು ಐದರದು. ಬೆಳಗ್ಗೆ ಆರಕ್ಕೆ ಕೂಡಿಸಿದ ಶ್ರುತಿ ಹನ್ನೊಂದಕ್ಕೆ ಅಲ್ಲಿರುತ್ತಿರಲಿಲ್ಲ. ಪುಡಿಯ ಅಂಚಿನ ಹೆಣಿಗೆಯಾದ ಗಜರೆಗೆ ಕೆಳಗಿನಿಂದ ಮೇಲಕ್ಕೆ ಏಟು ಕೊಟ್ಟು ಸಡಿಲಿಸುವುದು, ಮತ್ತೆ ಹದಿನಾರೂ ಮನೆ ಒಂದೇ ದನಿ ಬರುತ್ತವೆಯೋ ಅಂತ ಸುತ್ತ ತಟ್ಟಿ ನೋಡುವುದು. ಎರಡು ದಿನದಲ್ಲಿ ಸುತ್ತಿಗೆ ಹಿಡಿದು ಹಿಡಿದು ಹೆಬ್ಬೆರಳ ಬುಡದಲ್ಲಿ ಗುಳ್ಳೆ ಎದ್ದಿತು.

ಮೊದಲನೇ ದಿನ ಮಧ್ಯಾಹ್ನ ಗಾಯನದ ಮೇಡಂ ಚಳ್ಳಕೆರೆಯನ್ನು ಹಾಡಲು ಕೂರಿಸಿದರು. ಚಳ್ಳಕೆರೆ ಅಂದರೆ ಏಳನೇ ಕ್ಲಾಸು ಮುಗಿಸಿ ಎಂಟಕ್ಕೆ ಹೋಗಲಿದ್ದ ಹುಡುಗಿ. ಎರಡು ಜಡೆ, ಮೊಣಕಾಲ ಮೇಲೆ ತಾಳ ಹಾಕುವಾಗ ನಾಲಿಗೆ ತುದಿ ತುಟಿಯಂಚಿಗೆ ಬರುತ್ತಿತ್ತು. ನಿಧಾನ ಲಯದಲ್ಲಿ ಹಾಡುವ ಬಡಾ ಖಯಾಲ್ ಹೊಸದಾಗಿ ಶುರು ಮಾಡಿದ್ದಳು. ರಾಗ ಭೂಪ, ವಿಲಂಬಿತ ಏಕತಾಲ. ಸಾಥಿಗೆ, ಅಂದರೆ ಹಾಡಿನ ಜೊತೆ ಬಾರಿಸಲು, ನನ್ನನ್ನು ಕರೆದರು.

ತಬಲಾ ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏಕತಾಲಕ್ಕೆ ಹನ್ನೆರಡು ಮಾತ್ರೆ. ಧಿಂ ಧಿಂ ಧಾಗೆ ತಿರಕಿಟ, ತೂ ನಾ ಕತ್ ತಾ, ಧಾಗೆ ತಿರಕಿಟ ಧಿಂ ನಾ. ಮತ್ತೆ ಮೊದಲನೇ ಧಿಂಗೆ ಬಂದರೆ ಅದೇ ಸಮ, ಅಲ್ಲಿಗೆ ಒಂದು ಆವರ್ತ. ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಒಂದೊಂದು ಮಾತ್ರೆಗೂ ಮೂರು ನಾಲ್ಕು ಸೆಕೆಂಡ್ ಹಿಡಿಯುತ್ತದೆ. ಹಾಡುವವರು ಆಲಾಪದಲ್ಲಿ ಎಲ್ಲೋ ಸುತ್ತಾಡುತ್ತಾ ಇರುತ್ತಾರೆ, ಬೆರಳಲ್ಲಿ ಎಣಿಸುತ್ತಾ ಕೂರುವುದಿಲ್ಲ. ಅವರಿಗೆ ಗುರುತು ಅಂತ ಇರುವುದು ತಿರಕಿಟ. ತಿರಕಿಟ ಎರಡೇ ಕಡೆ ಬರುತ್ತದೆ, ನಾಲ್ಕನೇ ಮಾತ್ರೆಯಲ್ಲಿ ಒಂದು, ಹತ್ತನೆಯದರಲ್ಲಿ ಒಂದು. ಹತ್ತನೆಯದು ಕಿವಿಗೆ ಬಿದ್ದ ಕೂಡಲೇ ಹಾಡುವವರು ಆಲಾಪ ಮಡಚಿ, ಉಸಿರು ತಗೊಂಡು, ಮುಖಡಾ, ಅಂದರೆ ಹಾಡಿನ ಮೊದಲ ಸಾಲಿನ ತುಣುಕು, ಎತ್ತಿ ಸಮಕ್ಕೆ ಬಂದು ಕೂರುತ್ತಾರೆ. ಊರಿಗೆ ಹೊಸಬರು ಬಸ್ಸಿನಲ್ಲಿ ಕೂತು ಇಳಿಯುವ ಸ್ಟಾಪಿನ ಹಿಂದಿನ ಸ್ಟಾಪನ್ನು ಕಾಯುತ್ತಾರಲ್ಲ, ಹಾಗೆ.

ಮೊದಲ ಎರಡು ಆವರ್ತ ನೆಟ್ಟಗೆ ಬಾರಿಸಿದೆ. ಆಮೇಲೆ ನನಗೆ ತಡೆಯಲಾಗಲಿಲ್ಲ. ಒಂದು ಮಾತ್ರೆಗೂ ಇನ್ನೊಂದಕ್ಕೂ ನಡುವೆ ಅಷ್ಟು ಜಾಗ ಬಿದ್ದಿದೆ, ಎರಡು ತಿಂಗಳು ಅಟ್ಟದಲ್ಲಿದ್ದ ಕೈ ಬೇರೆ. ತುಂಬಿಸತೊಡಗಿದೆ. ಧಿಂ ಆದ ಮೇಲೆ ತಿರಕಿಟ, ನಾ ಆದ ಮೇಲೆ ತಿರಕಿಟ, ಕತ್ ಮುಂದೆ ತಿರಕಿಟ ತಕತಿರಕಿಟ. ಜಮಖಾನೆಯ ಆ ತುದಿಯಲ್ಲಿ ಹುಡುಗರು ತಲೆದೂಗಿದ್ದು ಕಂಡು ಇನ್ನೂ ಹುರುಪು ಬಂತು. ಮೂರನೇ ಆವರ್ತದಲ್ಲಿ ಚಳ್ಳಕೆರೆ ಬಾಯಿ ತೆರೆದಳು, ಮುಚ್ಚಿದಳು. ನನ್ನ ಕೈ ನೋಡಿದಳು. ಸಮ ದಾಟಿಹೋಯಿತು. ನಾಲ್ಕನೆಯದರಲ್ಲಿ ಎಂಟನೇ ಮಾತ್ರೆಗೇ ಮುಖಡಾ ಎತ್ತಿ ಅರ್ಧಕ್ಕೆ ನಿಂತಳು. ಐದನೆಯದಕ್ಕೆ ಅವಳ ಕಣ್ಣು ತುಂಬಿತ್ತು. ಎದ್ದು, “ನೀರು ಕುಡಿದು ಬರ್ತೀನಿ ಮೇಡಂ” ಅಂತ ಹೋದವಳು ಅವತ್ತು ವಾಪಸ್ ಬರಲಿಲ್ಲ. ಕಿಟಕಿಯಿಂದ ಕಾಣುತ್ತಿತ್ತು, ನಲ್ಲಿ ಹತ್ತಿರ ಗೋಡೆ ಕಡೆ ಮುಖ ಮಾಡಿಕೊಂಡು ನಿಂತಿದ್ದಳು.

ನಮಗೆ ತಬಲಾ ಹೇಳಿಕೊಡಲು ಬಂದಿದ್ದ ಸರ್ ಧಾರವಾಡದ ಕಡೆಯವರು. ಸಿಟ್ಟು ಮಾಡಲಿಲ್ಲ. ಎಲ್ಲರೂ ಚಹಾಕ್ಕೆ ಎದ್ದ ಮೇಲೆ ಎದುರಿಗೆ ಬಂದು ಕೂತು, “ತಂಗೀ, ಛಲೋ ಕೈ ಐತಿ ನಿಂದು. ಒಂದು ಮಾತು ಹೇಳು. ಹತ್ತನೇ ಮಾತ್ರಿ ಎಲ್ಲಿತ್ತು?” ಅಂದರು. ನಾನು ಬೋಲ್ ಹೇಳಿ ತೋರಿಸಲು ಹೋದೆ. “ನನಗ ಬ್ಯಾಡ. ಆ ಕೂಸಿಗೆ ಎಲ್ಲಿ ಕೇಳಸ್ತು ಅಂತ ಹೇಳು.” ನನ್ನ ಹತ್ತಿರ ಉತ್ತರ ಇರಲಿಲ್ಲ. ಹನ್ನೆರಡು ಮಾತ್ರೆಯಲ್ಲೂ ತಿರಕಿಟ ಸುರಿದಿದ್ದೆ. ಅದರೊಳಗೆ ಅವಳು ತನ್ನ ತಿರಕಿಟವನ್ನು ಎಲ್ಲಿ ಅಂತ ಹುಡುಕಬೇಕು? ಆ ರಾತ್ರಿ ನಿದ್ದೆ ಬರಲಿಲ್ಲ. ಮಗ್ಗುಲಿಗೆ ಮೂರನೇ ಹಾಸಿಗೆಯಲ್ಲಿ ಅವಳಿದ್ದಳು. ಮುಸುಕಿನೊಳಗಿಂದ ಸಣ್ಣಗೆ ಭೂಪದ ಆರೋಹ ಹೇಳಿಕೊಳ್ಳುತ್ತಿದ್ದಳು, ನಾಳೆ ತಪ್ಪಬಾರದು ಅಂತ. ತಪ್ಪು ನನ್ನದು, ಅಭ್ಯಾಸ ಅವಳು ಮಾಡುತ್ತಿದ್ದಳು.

ಮಾರನೇ ದಿನದಿಂದ ಸರ್ ನನಗೆ ಕೊಟ್ಟ ಪಾಠ ಇಷ್ಟೇ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಬರೀ ಏಕತಾಲ. ಒಂದು ಆವರ್ತಕ್ಕೆ 48 ಸೆಕೆಂಡ್, ಅಂದರೆ ಮಾತ್ರೆಗೆ ನಾಲ್ಕು. ಚಳ್ಳಕೆರೆ ಹಾಡುವುದು 40ಕ್ಕೆ, ಆದರೆ 48 ಹಿಡಿಯುವವಳಿಗೆ 40 ಸಲೀಸು ಅನ್ನೋದು ಅವರ ಲೆಕ್ಕ. ಸ್ಟಾಪ್‌ವಾಚ್ ಇಟ್ಟ ಫೋನನ್ನು ಅವರು ತಮ್ಮ ತೊಡೆಯ ಮೇಲೆ ಬೋರಲು ಹಾಕಿಕೊಳ್ಳುತ್ತಿದ್ದರು, ನನಗೆ ಕಾಣಬಾರದು ಅಂತ. ಮೊದಲನೇ ಆವರ್ತ ಸರಿಯಾಗಿ 48 ಬಂತು. ಅರ್ಧ ಗಂಟೆ ಕಳೆದು ಕೊನೆಯ ಆವರ್ತ ಎಷ್ಟು ಬಂತು ಅಂತ ಫೋನ್ ತಿರುಗಿಸಿ ತೋರಿಸಿದರು. 39. ನನಗೆ ನಂಬಲು ಆಗಲಿಲ್ಲ. ನಾನು ಒಂದು ಚೂರೂ ಓಡಿಸಿಲ್ಲ ಅಂತಲೇ ಅಂದುಕೊಂಡಿದ್ದೆ. ಪ್ರತಿ ಆವರ್ತದಲ್ಲೂ ಸುಮಾರು ಕಾಲು ಸೆಕೆಂಡ್, ಯಾರಿಗೂ ಗೊತ್ತಾಗದ ಹಾಗೆ, ನನಗೂ ಗೊತ್ತಾಗದ ಹಾಗೆ, ಕಳೆದುಹೋಗಿತ್ತು. ಮೇಷ್ಟ್ರು ‘ಓಡ್ತೈತೆ ನಿನ್ನ ಕೈ’ ಅಂದಿದ್ದರ ಅರ್ಥ ಆಗ ಹೊಳೆಯಿತು. ಕಣ್ಣು ಕಾಣದ ಅವರಿಗೆ ಸ್ಟಾಪ್‌ವಾಚ್ ಕೂಡ ಬೇಕಾಗಿರಲಿಲ್ಲ.

ನಾಲ್ಕು ಸೆಕೆಂಡ್ ಅಂದರೆ ಎಷ್ಟು ಉದ್ದ ಅಂತ ಕೈ ಕಟ್ಟಿ ಕೂತವರಿಗೆ ಗೊತ್ತಾಗುವುದಿಲ್ಲ. ಬಾರಿಸುವವರಿಗೆ ಅದು ದೊಡ್ಡ ಬಯಲು. ಮನಸ್ಸಿನೊಳಗೆ ಮಾತ್ರೆಯನ್ನು ನಾಲ್ಕು ತುಂಡು ಮಾಡಿ ಎಣಿಸು ಅಂದರು ಸರ್. ಆ ಎಣಿಕೆಯೇ ಓಡತೊಡಗಿತು. ಆಮೇಲೆ ಎಡಗೈ ಕಡೆ ಗಮನ ಕೊಡಿಸಿದರು. ಡಗ್ಗಾದ ಮೇಲೆ ‘ಗೆ’ ಬಾರಿಸಿ ಕೈ ಎತ್ತಿಬಿಟ್ಟರೆ ನಾದಕ್ಕೆ ಏರಿಳಿತ ಬರುವುದಿಲ್ಲ. ಬೆರಳು ಬಿದ್ದ ಮೇಲೆ ಮಣಿಕಟ್ಟನ್ನು ಚರ್ಮದ ಮೇಲೆಯೇ ಇಟ್ಟು, ಒಂದು ಬೆರಳಗಲ ಮುಂದಕ್ಕೆ ಒತ್ತಿ ಸರಿಸಿದರೆ ಗುಂಯ್ ಅಂತ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಆ ಏರಿಳಿತ ಎಷ್ಟು ಹೊತ್ತು ಉಳಿಯುತ್ತದೆ ಅಂತ ಕಿವಿಗೊಟ್ಟು ಕೂತರೆ ಮುಂದಿನ ಮಾತ್ರೆಗೆ ಅವಸರ ಆಗುವುದಿಲ್ಲ. ನಾನು ಡಗ್ಗಾ ಬಾರಿಸಲು ಶುರು ಮಾಡಿ ಎಂಟು ವರ್ಷ. ಅದರ ನಾದ ಮುಗಿಯುವವರೆಗೂ ಕೇಳಿದ್ದು ಆ ವಾರ. ಮಣಿಕಟ್ಟಿಗೆ ಹಚ್ಚಿಕೊಂಡ ಪೌಡರ್ ಡಗ್ಗಾದ ಮೇಲೆ ಬೆಳ್ಳಗೆ ಅರ್ಧ ಚಂದ್ರನ ಹಾಗೆ ಗುರುತು ಬಿಡುತ್ತಿತ್ತು. ಆ ಗುರುತು ದಿನಕ್ಕೊಂದು ಚೂರು ಉದ್ದವಾಗುತ್ತಾ ಹೋಯಿತು.

ಜಾಕಿರ್ ಹುಸೇನರು 2024ರ ಡಿಸೆಂಬರಿನಲ್ಲಿ ತೀರಿಕೊಂಡಾಗ ನಾನು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಅವರ ಸೋಲೋ ವಿಡಿಯೋಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸರ್ ಒಂದು ರಾತ್ರಿ ನಮ್ಮನ್ನೆಲ್ಲ ಕೂರಿಸಿಕೊಂಡು, ಶಿವಕುಮಾರ ಶರ್ಮಾ ಅವರ ಸಂತೂರ್ ಜೊತೆ ಜಾಕಿರ್ ಹುಸೇನರು ಸಾಥಿಗೆ ಕೂತ ಒಂದು ಕಛೇರಿ ಹಾಕಿದರು. “ಕೈ ನೋಡಬ್ಯಾಡ್ರಿ, ಕಣ್ಣು ನೋಡ್ರಿ” ಅಂದರು. ಇಡೀ ಹೊತ್ತು ಅವರ ಕಣ್ಣು ಸಂತೂರ್ ಮೇಲಿತ್ತು. ನನ್ನ ಹಳೆಯ ವಿಡಿಯೋಗಳನ್ನು ಆಮೇಲೆ ತೆಗೆದು ನೋಡಿದೆ. ಎಲ್ಲದರಲ್ಲೂ ನಾನು ನನ್ನ ಕೈಯನ್ನೇ ನೋಡಿಕೊಂಡಿದ್ದೇನೆ.

ಒಂದು ಭಾನುವಾರ ಕೋಟೆಗೆ ಕರೆದುಕೊಂಡು ಹೋದರು, ಬಿಸಿಲೇರುವ ಮುಂಚೆ. ಕೋಟೆ ಬಗ್ಗೆ ನಾನು ಹೊಸದಾಗಿ ಹೇಳುವುದು ಏನಿಲ್ಲ, ದುರ್ಗದ ಕಲ್ಲಿನ ಕೋಟೆ ನೋಡದ ಕನ್ನಡಿಗರು ಕಮ್ಮಿ. ಆದರೆ ಸಣ್ಣ ಹಿರಿಯೂರು ಒಂದು ಮಾತಂದ. “ಸರ್, ಏಳು ಸುತ್ತಿನ ಕೋಟೆ, ರೂಪಕ್‌ಗೆ ಏಳು ಮಾತ್ರೆ!” ಅಲ್ಲಿಂದ ಏಕನಾಥೇಶ್ವರಿ ಗುಡಿವರೆಗೂ ನಲವತ್ತು ಮಕ್ಕಳು ‘ತೀ ತೀ ನಾ ಧೀ ನಾ ಧೀ ನಾ’ ಅಂತ ಹೇಳಿಕೊಂಡೇ ಮೆಟ್ಟಿಲು ಹತ್ತಿದೆವು. ಏದುಸಿರು ಬಂದ ಕಡೆ ಲಯ ತಪ್ಪಿ, ಉಯ್ಯಾಲೆ ಕಂಬದ ಹತ್ತಿರ ಎಲ್ಲರೂ ಒಟ್ಟಿಗೆ ಸೇರಿ ಮತ್ತೆ ಸಮ ಹಿಡಿದೆವು. ಚಳ್ಳಕೆರೆ ಅಲ್ಲಿವರೆಗೂ ನನ್ನ ಹತ್ತಿರ ಮಾತಾಡಿರಲಿಲ್ಲ. ಅಕ್ಕ-ತಂಗಿ ಹೊಂಡದ ಕಟ್ಟೆ ಮೇಲೆ ಪಕ್ಕದಲ್ಲಿ ಕೂತು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು ಕೊಟ್ಟಳು. “ಅವತ್ತು ನಂದೇ ತಪ್ಪು ಕಣೇ” ಅಂದೆ. ಅವಳು ಹುಳಿಗೆ ಒಂದು ಕಣ್ಣು ಮುಚ್ಚಿ, “ನಂಗೆ ಹತ್ತನೇದು ಒಂದು ಕೇಳ್ಸಿದ್ರೆ ಸಾಕು ಅಕ್ಕ. ಮಿಕ್ಕಿದ್ದು ನಾನು ಬರ್ತೀನಿ” ಅಂದಳು.

ಹತ್ತನೇ ದಿನದ ಸಂಜೆಯನ್ನು ಮಾತ್ರ ನಿಧಾನವಾಗಿ ಹೇಳಬೇಕು. ಹಿರಿಯೂರು ಕಡೆಯ ಒಂದು ಗೊಲ್ಲರಹಟ್ಟಿಯಿಂದ ಗಣೆ ಊದುವ ಅಜ್ಜ ಒಬ್ಬರು ಬಂದಿದ್ದರು. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಬಿದಿರು. ಗಣೆ ನೋಡದವರಿಗೆ ಹೇಳುವುದಾದರೆ ಕೊಳಲಿನ ಹಿರಿಯಣ್ಣ ಅನ್ನಬಹುದು. ಮೂರಡಿಗೂ ಹೆಚ್ಚು ಉದ್ದ, ದನಿ ಕೊಳಲಿನ ಹಾಗೆ ತೆಳ್ಳಗಿಲ್ಲ, ನೆಲದೊಳಗಿಂದ ಬಂದ ಹಾಗಿರುತ್ತದೆ. ಕಾಡುಗೊಲ್ಲರ ದೈವ ಜುಂಜಪ್ಪ ದನ ಕಾಯುತ್ತಾ ಊದುತ್ತಿದ್ದದ್ದು ಇದನ್ನೇ. ಹಾಗಾಗಿ ಅವರಿಗೆ ಇದು ಬರೀ ವಾದ್ಯ ಆಗಿರಲು ಸಾಧ್ಯವೇ ಇಲ್ಲ. ಅಜ್ಜ ಕಂಬಳಿ ಹಾಸಿ ಅದರ ಮೇಲೆ ಗಣೆ ಇಟ್ಟು ಕೈ ಮುಗಿದ ಮೇಲೆಯೇ ನಮ್ಮ ಕಡೆ ತಿರುಗಿ ಮಾತಾಡಿಸಿದರು.

ಗಾಯನದ ಮೇಡಂ ನಮಗೆ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಬಗ್ಗೆ ಹೇಳಿದ್ದರು. ಚಳ್ಳಕೆರೆ ತಾಲ್ಲೂಕಿನ ಆ ಅಜ್ಜಿ ಓದು ಬರಹ ಇಲ್ಲದೆ ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡು ಹಾಡಿದವರು. ನಾವು ನೋಟ್ ಬುಕ್ ಮರೆತರೆ ಹಾಡಿನ ಬಂದಿಶ್ ಮರೆಯುವ ಮಕ್ಕಳು. ಆ ಮಾತು ಕೇಳಿದ ಮೇಲೆ ಈ ಅಜ್ಜನ ಮುಂದೆ ಎಲ್ಲರೂ ಗಪ್‌ಚಿಪ್ ಕೂತಿದ್ದರು.

ವ್ಯವಸ್ಥೆ ಮಾಡಿದವರೊಬ್ಬರು, “ದಾವಣಗೆರೆ, ಅಜ್ಜನ ಜೊತೆ ಸ್ವಲ್ಪ ತಬಲಾ ಹಾಕು, ಚೆಂದ ಆಗ್ತದೆ” ಅಂದರು. ನಾನು ಎತ್ತಿಕೊಂಡೂ ಹೋದೆ. ಅಜ್ಜ ನನ್ನ ತಬಲಾವನ್ನು ಪ್ರೀತಿಯಿಂದಲೇ ನೋಡಿ, “ಇಟ್ಕಂಡು ಕುಂತ್ಕ ನನ್ನವ್ವ. ಬಡೀಬ್ಯಾಡ. ಮೊದ್ಲು ಕೇಳು” ಅಂದರು. ಅವರ ಮೊಣಕಾಲಿಗೂ ನನ್ನ ತಬಲಾಕ್ಕೂ ಒಂದು ಗೇಣು ಅಂತರ.

ಒಂದು ಸಾಲು ಹಾಡುವರು, ಗಣೆ ಬಾಯಿಗೆ ಇಟ್ಟು ಊದುವರು, ಮತ್ತೆ ಮುಂದಿನ ಸಾಲು. ನಾನು ತೊಡೆ ಮೇಲೆ ಬೆರಳಿಟ್ಟು ಎಣಿಸಲು ಶುರು ಮಾಡಿದೆ. ಎಂಟು ಅನ್ನಿಸಿತು, ಹತ್ತಾಯಿತು, ಒಂದು ಕಡೆ ಹದಿಮೂರಕ್ಕೆ ಹೋಯಿತು. ಮುಂದಿನ ಸಾಲು ಬೇಗ ಮುಗಿಯಿತು. ಎಣಿಕೆ ಎಲ್ಲೂ ನಿಲ್ಲಲಿಲ್ಲ. ಹತ್ತಿರದಲ್ಲಿದ್ದೆನಲ್ಲ, ಏಳೆಂಟು ಸಾಲು ಆದ ಮೇಲೆ ಕಂಡಿತು. ಊದುವ ಮೊದಲು ಅವರ ಕೊರಳ ಎಲುಬಿನ ಮೇಲಿನ ಗುಳಿ ಒಳಕ್ಕೆ ಹೋಗುತ್ತದೆ, ಕಂಬಳಿಯ ಅಂಚು ಒಂದಿಷ್ಟು ಮೇಲೇಳುತ್ತದೆ. ಆಮೇಲೆ ನಾದ. ಉಸಿರು ಎಷ್ಟಿದೆಯೋ ಅಷ್ಟು ಉದ್ದ. ನಾದ ತೆಳುವಾಗುತ್ತಾ ಬಂದು, ಬರೀ ಗಾಳಿಯಾಗಿ, ನಿಂತ ಮೇಲೆ ಮತ್ತೆ ಗುಳಿ. ನಾನು ಎಣಿಸುವುದು ಬಿಟ್ಟು ಆ ಕಂಬಳಿಯ ಅಂಚನ್ನು ನೋಡುತ್ತಾ ಕೂತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಸರ್ ಬಂದು ಹೆಗಲು ಮುಟ್ಟಿದಾಗ ನನ್ನ ಉಸಿರೂ ಅವರ ಉಸಿರಿನ ಜೊತೆಗೇ ನಡೆಯುತ್ತಿತ್ತು.

ಮಾರನೇ ದಿನ ಬೆಳಗ್ಗೆ ಅರ್ಧ ಗಂಟೆಯ ಠೇಕಾದ ಕೊನೆಯ ಆವರ್ತ 46 ಬಂತು. ಅದರ ಮಾರನೇ ದಿನ 47. ಸರ್ ಫೋನ್ ತೋರಿಸಿ ಏನೂ ಹೇಳದೆ ಜೇಬಿಗೆ ಹಾಕಿಕೊಂಡರು. ಚಳ್ಳಕೆರೆಯ ಜೊತೆ ಕೂತಾಗ ನಾನು ನನ್ನ ಕೈ ನೋಡುವುದು ಬಿಟ್ಟು ಅವಳ ಹೆಗಲು ನೋಡಲು ಶುರು ಮಾಡಿದೆ. ಒಂಬತ್ತನೇ ಮಾತ್ರೆಯಲ್ಲಿ ಅವಳ ಹೆಗಲು ಸ್ವಲ್ಪ ಮೇಲೆದ್ದರೆ ಅವಳು ದಾರಿಯಲ್ಲಿದ್ದಾಳೆ. ಏಳದಿದ್ದರೆ ಆಲಾಪದಲ್ಲಿ ಮುಳುಗಿದ್ದಾಳೆ, ಆಗ ಹತ್ತನೆಯ ತಿರಕಿಟವನ್ನು ಒಂದು ಗುಲಗಂಜಿ ತೂಕ ಹೆಚ್ಚು ಕೊಟ್ಟು, ನಾಲ್ಕು ಅಕ್ಷರವನ್ನೂ ಬಿಡಿಬಿಡಿಯಾಗಿ ಇಡಬೇಕು. ತಿ, ರ, ಕಿ, ಟ. ಅದರ ಹಿಂದೆ ಮುಂದೆ ಏನೂ ಇರಬಾರದು.

ಸಮಾರೋಪದ ದಿನ ಸಂಜೆ ಐದಕ್ಕೆ ಜೋಗಿಮಟ್ಟಿ ಕಡೆಯಿಂದ ಮೋಡ ಕಟ್ಟಿ ಬಂತು. ಹದಿನೈದು ದಿನದ ಕಾವಿನ ಮೇಲೆ ಮಳೆ ಹೊಡೆಯಿತು. ಬಯಲಲ್ಲಿ ಹಾಕಿದ್ದ ವೇದಿಕೆ ಬಿಟ್ಟು ಎಲ್ಲರೂ ಶಾಲೆಯ ಹಾಲ್‌ಗೆ ನುಗ್ಗಿದೆವು. ನನ್ನ ಎದೆ ಹೊಡೆದುಕೊಳ್ಳುತ್ತಿದ್ದದ್ದು ತಬಲಾದ ಬಗ್ಗೆ. ತೇವದ ಗಾಳಿ ಬಂತೆಂದರೆ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಹದಿನೈದು ದಿನ ಇಳಿಸಿ ಇಳಿಸಿ ಅಭ್ಯಾಸವಾಗಿದ್ದ ಕೈಗೆ ಈಗ ಏರಿಸುವ ಕೆಲಸ. ಬಾರಿನಡಿಯ ಮರದ ಗಟ್ಟೆಗಳನ್ನು ಒಂದೊಂದಾಗಿ ಕೆಳಕ್ಕೆ ಹೊಡೆದು, ಗಜರೆ ಸುತ್ತ ಏಟು ಕೊಟ್ಟು, ಹೇಗೋ ಕಪ್ಪು ಐದಕ್ಕೆ ತಂದು ನಿಲ್ಲಿಸಿದೆ. ಚಳ್ಳಕೆರೆ ಕೂತಳು. ಮುಖಡಾ ಎತ್ತಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಎಲೆಕ್ಟ್ರಾನಿಕ್ ತಂಬೂರಿ ನಿಂತಿತು. ಗಾಯನದ ಮೇಡಂ ಕತ್ತಲಲ್ಲೇ ಮೂಲೆಯಲ್ಲಿದ್ದ ತಂಬೂರಿ ಎತ್ತಿಕೊಂಡು ಹಿಂದೆ ಕೂತು ಮೀಟತೊಡಗಿದರು. ಯಾರೋ ಒಬ್ಬರು ಮೊಬೈಲ್ ಬೆಳಕು ಬಿಟ್ಟರು, ಆಮೇಲೆ ಹತ್ತಾರು ಜನ.

ಅವಳ ಹೆಗಲು ಕಾಣುವಷ್ಟು ಬೆಳಕಿತ್ತು. ಮೊದಲ ಮೂರು ಆವರ್ತ ನೆಟ್ಟಗೆ ಬಂದಳು. ನಾಲ್ಕನೆಯದರಲ್ಲಿ ಗಾಂಧಾರದ ಮೇಲೆ ನಿಂತವಳು ನಿಂತೇಬಿಟ್ಟಳು. ಹೊರಗೆ ಮಳೆ, ಒಳಗೆ ಆ ಒಂದು ಸ್ವರ. ಒಂಬತ್ತು ಹೋಯಿತು, ಹೆಗಲು ಏಳಲಿಲ್ಲ. ಹತ್ತನೆಯದನ್ನು ಬಿಡಿಬಿಡಿಯಾಗಿ ಇಟ್ಟೆ. ಅವಳ ಕಣ್ಣು ತೆರೆಯಿತು. ಹನ್ನೊಂದು ಅವಳ ಉಸಿರಿಗೇ ಖರ್ಚಾಯಿತು. ಹನ್ನೆರಡರಿಂದ ಎತ್ತಿ, ಮುಖಡಾದ ಮಾತನ್ನೆಲ್ಲ ಆ ಒಂದು ಮಾತ್ರೆಯೊಳಗೆ ಒತ್ತಿ, ಸಮಕ್ಕೆ ಬಂದು ಕೂತಳು. ನನ್ನ ಧಿಂ ಮತ್ತು ಅವಳ ಗಾಂಧಾರ ಒಟ್ಟಿಗೆ ಬಿದ್ದವು. ಹಿಂದಿನಿಂದ ಸರ್ “ಶಾಬ್ಬಾಸ್!” ಅಂದಿದ್ದು ಅವಳಿಗೆ. ಅವಳು ಕತ್ತು ತಿರುಗಿಸಿ ನನ್ನ ಕಡೆ ನೋಡಿ ನಕ್ಕಳು, ಹಲ್ಲಿನ ಸಂದು ಕಾಣುವಷ್ಟು.

ಅಪ್ಪ ದಾವಣಗೆರೆಯಿಂದ ಬಂದಿದ್ದರು. ವಾಪಸ್ ಬಸ್ಸಿನಲ್ಲಿ ಸಿರಿಗೆರೆ ಕ್ರಾಸ್ ದಾಟುವವರೆಗೂ ಏನೂ ಹೇಳಲಿಲ್ಲ. ಆಮೇಲೆ, “ಅಲ್ಲಮ್ಮ, ಎಲ್ಲರೂ ಏನೇನೋ ಬಾರಿಸಿದ್ರು. ನೀನು ಯಾಕೆ ಜಾಸ್ತಿ ಬಾರಿಸ್ಲೇ ಇಲ್ಲ?” ಅಂತ ಕೇಳಿದರು. ಬೇಜಾರಿನಿಂದ ಕೇಳಿದ್ದಲ್ಲ, ನನ್ನ ಪರವಾಗಿ ಅವರಿಗೆ ಸಂಕಟವಾಗಿತ್ತು. ನಾನು ಅವರ ಅಂಗೈ ತೆಗೆದು ನನ್ನ ಮಡಿಲಲ್ಲಿಟ್ಟುಕೊಂಡು, ಬೆರಳಲ್ಲಿ ಒಂದು ಆವರ್ತ ಬಾರಿಸಿದೆ, 48 ಸೆಕೆಂಡಿನದು. ಅಪ್ಪ ತುಟಿಯಲ್ಲೇ ಎಣಿಸಿದರು. ಹತ್ತಕ್ಕೆ ತಿರಕಿಟ ಇಟ್ಟಾಗ, “ಹಾಂ, ಇಲ್ಲಿ ಅವಳು ಕಣ್ಣು ಬಿಟ್ಟಳು” ಅಂದರು. ಅವರು ಅದನ್ನು ನೋಡಿದ್ದರು.

ಮೊನ್ನೆ ಚಳ್ಳಕೆರೆ ಅವರ ಅಮ್ಮನ ಫೋನಿನಿಂದ ವಿಡಿಯೋ ಕಾಲ್ ಮಾಡಿದ್ದಳು. “ಅಕ್ಕಾ, ಠೇಕಾ ಹಾಕು, ನಾನು ಹಾಡ್ತೀನಿ.” ಹಾಕಿದೆ. ಆದರೆ ಫೋನಿನಲ್ಲಿ ದನಿ ಅತ್ತಿತ್ತ ಹೋಗಿ ಬರುವಷ್ಟರಲ್ಲಿ ತಡವಾಗುತ್ತದೆ. ನನ್ನ ಸಮ ಅವಳಿಗೆ ಮುಟ್ಟಿ, ಅವಳ ಸ್ವರ ನನಗೆ ಮುಟ್ಟುವ ಹೊತ್ತಿಗೆ ಮಾತ್ರೆ ಮುಂದೆ ಹೋಗಿರುತ್ತಿತ್ತು. ನಾಲ್ಕು ಸಲ ನೋಡಿ ಬಿಟ್ಟೆವು. ರಾತ್ರಿ ರೂಮಿನ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಅರ್ಧ ಗಂಟೆ ಏಕತಾಲ ಬಾರಿಸಿ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಅವಳ ಲಯ, 40ರದು. ನಡುವೆ ಒಂದು ಕಡೆ ಅಡುಗೆಮನೆಯ ಕುಕ್ಕರ್ ಕೂಗಿದ್ದು ಸೇರಿಕೊಂಡಿದೆ, ತೆಗೆಯಲು ಬರಲಿಲ್ಲ.

ಇವತ್ತು ಬೆಳಗ್ಗೆ ಅವಳು ಹಾಡಿ ಕಳಿಸಿದ ಆಡಿಯೋ ಬಂತು. ನನ್ನ ಠೇಕಾ ಇನ್ನೊಂದು ಫೋನಿನಿಂದ ಸಣ್ಣಗೆ ಕೇಳಿಸುತ್ತದೆ, ಅದರ ಮೇಲೆ ಅವಳ ಭೂಪ. ಆರನೇ ಆವರ್ತದ ಹತ್ತಿರ ನಮ್ಮ ಮನೆಯ ಕುಕ್ಕರ್ ಕೂಗುತ್ತದೆ. ಅದು ಕೂಗಿದ್ದು ಹತ್ತನೇ ಮಾತ್ರೆಯ ಮೇಲೆಯೇ. ತಿರಕಿಟ ಅದರಲ್ಲಿ ಮುಚ್ಚಿಹೋಗಿದೆ. ಆದರೂ ಅವಳು ಉಸಿರು ತಗೊಂಡಿದ್ದು ಕೇಳಿಸುತ್ತದೆ, ಹನ್ನೊಂದಕ್ಕೆ ಎತ್ತಿ ಸಮಕ್ಕೆ ಬಂದಿದ್ದಾಳೆ.